4, 7, 11 ಎಲ್ಲಿ ಹೋದವು? ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಸನ್ನಿವೇಲ್, ಸಾಂಟಾ ಕ್ಲಾರಾ, ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬಂದಿರುವ ಅಪ್ಪಂದಿರಿಗೂ ಅಮ್ಮಂದಿರಿಗೂ,



ಬೆಳಿಗ್ಗೆ ಒಂಬತ್ತಕ್ಕೆ ಮಗ-ಸೊಸೆ ಕೆಲಸಕ್ಕೆ, ಮೊಮ್ಮಗು ಶಾಲೆಗೆ. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ನೀವು ಮತ್ತು ಟಿವಿ. ಪಾರ್ಕಿನ ಬೆಂಚಿನ ಮೇಲೆ ಸಿಕ್ಕಾಗ ನಿಮ್ಮಲ್ಲಿ ಹಲವರು ಹೇಳುವ ದೂರು ಒಂದೇ: "ಕಿಟಕಿಗೆ ತೆಳ್ಳನೆಯ ಒಂದು ಹಾಳೆ ಅಂಟಿಸಿದ್ದಾನೆ, ಅದೇ ಆಂಟೆನಾ ಅಂತೆ. ಅರ್ಧ ಚಾನೆಲ್ ಬರ್ತಾವೆ, ಅರ್ಧ ಬರೋದಿಲ್ಲ. ಕೇಳಿದರೆ ಶನಿವಾರ ನೋಡೋಣ ಅಂತಾನೆ." ಶನಿವಾರ ಬರುತ್ತದೆ; ಕಾಸ್ಟ್‌ಕೋಗೆ ಹೋಗಿ ಬರುವುದರೊಳಗೆ ಮುಗಿದೂ ಹೋಗುತ್ತದೆ.

ನಾನು ಕಲಬುರಗಿಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ಈಗ ಮಗಳ ಮನೆಯಲ್ಲಿದ್ದೇನೆ. ಎಲ್ಲರ ಮನೆಗೂ ಬರುವುದು ನನ್ನಿಂದಾಗದು, ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ಈ ಕಾಗದ. ಶನಿವಾರಕ್ಕೆ ಕಾಯಬೇಡಿ, ಇದು ನೀವೇ ಮಾಡಬಹುದಾದ ಕೆಲಸ. ಆಂಟೆನಾ ಮುಟ್ಟುವ ಮೊದಲು, ಹೊಸದನ್ನು ಕೊಳ್ಳುವ ಎಷ್ಟೋ ಮೊದಲು, ಒಂದು ಹಾಳೆ ತೆಗೆದುಕೊಂಡು ಯಾವ ಚಾನೆಲ್ ಬರುತ್ತಿದೆ, ಯಾವುದು ಬರುತ್ತಿಲ್ಲ ಎಂದು ಬರೆಯಿರಿ. ತೊಂದರೆ ಎಲ್ಲಿದೆ ಎನ್ನುವುದನ್ನು ಮುಕ್ಕಾಲು ಪಾಲು ಆ ಪಟ್ಟಿಯೇ ಹೇಳಿಬಿಡುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಈ ಆಂಟೆನಾದಲ್ಲಿ ಕನ್ನಡ ಬರುವುದಿಲ್ಲ. ಧಾರಾವಾಹಿ, ಚಂದನ ಎಲ್ಲಕ್ಕೂ ಇಂಟರ್‌ನೆಟ್ಟೇ ಗತಿ. ಆಂಟೆನಾ ಹಿಡಿಯುವುದು ಈ ಊರಿನ ಸ್ಟೇಷನ್ನುಗಳನ್ನು: 2ರಲ್ಲಿ ಕೆಟಿವಿಯು, 4ರಲ್ಲಿ ಕ್ರಾನ್, 5ರಲ್ಲಿ ಕೆಪಿಕ್ಸ್, 7ರಲ್ಲಿ ಕೆಜಿಓ, 9ರಲ್ಲಿ ಕೆಕ್ಯೂಇಡಿ, 11ರಲ್ಲಿ ಕೆಎನ್‌ಟಿವಿ, ಇವುಗಳ ಹಿಂದೆ 2.2, 9.2 ಎಂದು ಬರುವ ಮರಿಚಾನೆಲ್‌ಗಳು. ತಿಂಗಳ ಬಿಲ್ ಇಲ್ಲ. 9ರ ಸಾಕ್ಷ್ಯಚಿತ್ರಗಳು ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಹಿಡಿಸುತ್ತವೆ. ಉಚ್ಚಾರಣೆ ತಿಳಿಯದಿದ್ದರೆ ರಿಮೋಟಿನ ಸಿಸಿ ಗುಂಡಿ ಒತ್ತಿ, ಮಾತು ಕೆಳಗೆ ಅಕ್ಷರದಲ್ಲಿ ಬರುತ್ತದೆ. ಕಾಡ್ಗಿಚ್ಚು, ಭೂಕಂಪ ಎಂದಾಗ ಇಂಟರ್‌ನೆಟ್ ಕೈಕೊಟ್ಟರೂ ಕರೆಂಟ್ ಇರುವ ತನಕ ಇದು ನಡೆಯುತ್ತದೆ. ಇಷ್ಟು ಸಾಕು ಎನ್ನುವವರು ಮುಂದೆ ಓದಿ.

ಪಟ್ಟಿಯಲ್ಲಿ ಒಂದೂ ಚಾನೆಲ್ ಇಲ್ಲವೇ? ಹಾಗಿದ್ದರೆ ಸಂತೋಷಪಡಿ, ಇದು ಎಲ್ಲಕ್ಕಿಂತ ಸುಲಭದ ತೊಂದರೆ. ಊರಿನ ಸ್ಟೇಷನ್ನುಗಳೆಲ್ಲ ಒಟ್ಟಿಗೆ ಬಂದ್ ಆಗುವುದಿಲ್ಲ, ಅಂದರೆ ಕೆಟ್ಟಿರುವುದು ಮನೆಯೊಳಗೇ. ಆಂಟೆನಾದ ವೈರಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಇದ್ದರೆ ಅದು ಬೂಸ್ಟರ್. ಅದಕ್ಕೆ ಯುಎಸ್‌ಬಿ ವೈರಿನಲ್ಲಿ ಕರೆಂಟ್ ಹೋಗಬೇಕು. ಯಾರೋ ಫೋನ್ ಚಾರ್ಜ್ ಮಾಡಲು ಅದನ್ನು ಕಿತ್ತಿರುತ್ತಾರೆ. ಯಾರು ಎಂದು ನಾನು ಕೇಳುವುದಿಲ್ಲ. ಕರೆಂಟ್ ಇಲ್ಲದ ಬೂಸ್ಟರ್ ಸಿಗ್ನಲ್ ಹೆಚ್ಚಿಸುವುದಿರಲಿ, ಬಂದದ್ದನ್ನೂ ತಡೆದು ನಿಲ್ಲಿಸುತ್ತದೆ. ಆಮೇಲೆ ಟಿವಿ ಹಿಂದೆ ತಿರುಪಿರುವ ಕೇಬಲ್ ಬಿಚ್ಚಿ, ನಡುವಿನ ತಾಮ್ರದ ಸೂಜಿ ಬಾಗಿದೆಯೇ, ಒಳಗೆ ಸರಿದಿದೆಯೇ ನೋಡಿ, ನೆಟ್ಟಗೆ ಮಾಡಿ, ಬೆರಳಿನಿಂದಲೇ ಬಿಗಿಯಾಗಿ ತಿರುಪಿ. ಇನ್ನು ಟಿವಿಯ ಮೆನು. ಚಾನೆಲ್ ಹುಡುಕುವಾಗ ಅದು "ಆಂಟೆನಾ"ವೋ "ಕೇಬಲ್"ಓ ಎಂದು ಕೇಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಕೇಬಲ್ಲೇ ಆದ್ದರಿಂದ ಕೈ ಅಲ್ಲಿಗೇ ಹೋಗುತ್ತದೆ. ಅಲ್ಲಿ ಕೇಬಲ್ ಎಂದರೆ ದುಡ್ಡು ಕಟ್ಟುವ ಕೇಬಲ್ ಟಿವಿ. ಆಂಟೆನಾ ಎಂದೇ ಒತ್ತಬೇಕು.

ಗೋಡೆಯಲ್ಲಿ ಅದೇ ಬಗೆಯ ತಿರುಪಿನ ಸಾಕೆಟ್ ಇದೆಯೆಂದು ಟಿವಿಯ ವೈರನ್ನು ಅದಕ್ಕೆ ಸಿಕ್ಕಿಸಿ ಕೂತವರನ್ನೂ ಕಂಡಿದ್ದೇನೆ. ಬಾಡಿಗೆ ಮನೆಗಳಲ್ಲಿ ಅದು ಸಾಮಾನ್ಯವಾಗಿ ಕೇಬಲ್ ಕಂಪನಿಯ ಲೈನು. ಅದರ ಆ ತುದಿಯಲ್ಲಿ ಆಂಟೆನಾ ಇರುವುದಿಲ್ಲ.

ಉಳಿದವೆಲ್ಲ ಬಂದು ಒಂದೇ ಒಂದು ಚಾನೆಲ್, ಅದರ ಮರಿಗಳ ಸಮೇತ ಒಂದು ದಿನದಿಂದ ಈಚೆಗೆ ಮಾಯವಾಗಿದ್ದರೆ ಆಂಟೆನಾ ಮುಟ್ಟಲೇಬೇಡಿ. ಅದು ಗಾಳಿಯಲ್ಲಿ ಜಾಗ ಬದಲಿಸಿರಬಹುದು. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನ ಕಥೆ ಬೇಕು. ಈ ದೇಶದ ದೊಡ್ಡ ಸ್ಟೇಷನ್ನುಗಳೆಲ್ಲ 2009ರ ಜೂನ್ 12ರಂದು ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿ ಪೂರ್ತಿ ಡಿಜಿಟಲ್ ಆದವು. ಆಗ ಬಹಳಷ್ಟು ಸ್ಟೇಷನ್ನುಗಳು ಬೇರೆ ತರಂಗಕ್ಕೆ ಹೋದರೂ ಜನಕ್ಕೆ ರೂಢಿಯಾಗಿದ್ದ ಹಳೆಯ ನಂಬರನ್ನೇ ಪರದೆಯ ಮೇಲೆ ಉಳಿಸಿಕೊಂಡವು. ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿಯ ತರಂಗಗಳ ಯಜಮಾನನಾದ ಎಫ್‌ಸಿಸಿ 2016-17ರಲ್ಲಿ ಟಿವಿಯ 38ರಿಂದ 51ರವರೆಗಿನ ಜಾಗವನ್ನು ಹರಾಜು ಹಾಕಿ ಮೊಬೈಲ್ ಕಂಪನಿಗಳಿಗೆ ಕೊಟ್ಟಿತು. ಅಲ್ಲಿದ್ದವರನ್ನು ಕೆಳಗಿನ ಜಾಗಗಳಿಗೆ ಕೂಡಿಸುವುದಕ್ಕಾಗಿ ಸಾವಿರಕ್ಕೆ ಸ್ವಲ್ಪ ಕಡಿಮೆ ಸ್ಟೇಷನ್ನುಗಳು ಸ್ಥಳ ಬದಲಿಸಿದವು. ಆ ಕೆಲಸ ಮುಗಿದದ್ದು 2020ರ ಜುಲೈನಲ್ಲಿ. ಈಗಲೂ ಆಗೊಮ್ಮೆ ಈಗೊಮ್ಮೆ ಇಂಥ ಬದಲಾವಣೆ ನಡೆಯುತ್ತದೆ. ಟಿವಿಗೆ ಮಾತ್ರ ಅದು ತಾನಾಗಿ ತಿಳಿಯದು. ಕೊನೆಯ ಸಲ ಸ್ಕ್ಯಾನ್ ಮಾಡಿದಾಗ ಎಲ್ಲಿ ಸಿಕ್ಕಿತ್ತೋ ಅಲ್ಲೇ ಹುಡುಕಿ, ಇಲ್ಲ ಎಂದುಬಿಡುತ್ತದೆ.

ಮದ್ದು ಮತ್ತೊಮ್ಮೆ ಸ್ಕ್ಯಾನ್. ಆದರೆ ಎಷ್ಟೋ ಟಿವಿಗಳಲ್ಲಿ ಹೊಸ ಸ್ಕ್ಯಾನ್ ಶುರುವಾದ ಕೂಡಲೇ ಹಳೆಯ ಪಟ್ಟಿ ಅಳಿಸಿಹೋಗುತ್ತದೆ. ಆ ಹೊತ್ತಿಗೆ ಆಂಟೆನಾ ಓರೆಯಾಗಿದ್ದರೆ ಇದ್ದದ್ದೂ ಹೋಗುತ್ತದೆ. ಮೊದಲು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೂ ಸೇರಿ. ಸ್ಕ್ಯಾನ್ ಆದ ಮೇಲೂ ಟಿವಿ ಹಳೆಯ ನೆನಪನ್ನು ಬಿಡದಿದ್ದರೆ ಆಂಟೆನಾ ಕೇಬಲ್ ಬಿಚ್ಚಿ ಖಾಲಿಯಾಗಿಯೇ ಒಮ್ಮೆ ಸ್ಕ್ಯಾನ್ ಮಾಡಿಸಿ. ಏನೂ ಸಿಗದೆ ಅದರ ನೆನಪು ಬರಿದಾಗುತ್ತದೆ. ಆಮೇಲೆ ಕೇಬಲ್ ಸಿಕ್ಕಿಸಿ ಇನ್ನೊಮ್ಮೆ.

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ. ನೀವು ತೋರಿಸುವ ಪಟ್ಟಿಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದನ್ನೇ: 2, 5, 9 ಚೊಕ್ಕ, 4, 7, 11 ಇಲ್ಲ. ಅಥವಾ ಬಂದರೂ ಚಿತ್ರ ಚೌಕ ಚೌಕವಾಗಿ ಒಡೆದು ಮಾತು ಕಡಿಯುತ್ತದೆ. ಮಕ್ಕಳು ಇದನ್ನು ನೋಡಿ "ಸಿಗ್ನಲ್ ವೀಕ್" ಎಂದು ಹೇಳಿ ಇನ್ನೂ ಜಾಸ್ತಿ ಬೆಲೆಯ ಹಾಳೆ ತರಿಸುತ್ತಾರೆ. ಅದರಲ್ಲೂ 4, 7, 11 ಬರುವುದಿಲ್ಲ.

ಕಾರಣ ಇಷ್ಟು. ಪರದೆಯ ಮೇಲೆ 2 ಎಂದು ಕಾಣುವ ಕೆಟಿವಿಯು ಗಾಳಿಯಲ್ಲಿ ಬರುವುದು 31ನೇ ಚಾನೆಲ್ಲಿನಲ್ಲಿ. 5 ಬರುವುದು 29ರಲ್ಲಿ, 9 ಬರುವುದು 30ರಲ್ಲಿ. ಮೂರೂ ಯುಎಚ್‌ಎಫ್, ಅಂದರೆ ಗಿಡ್ಡ ಅಲೆಗಳು. ಅಲೆಯ ಅರ್ಧ ಉದ್ದ ಸುಮಾರು 27 ಸೆಂಟಿಮೀಟರ್. ಕಿಟಕಿಗೆ ಅಂಟಿಸುವ ಹಾಳೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅವು ಸಲೀಸಾಗಿ ಸಿಗುತ್ತವೆ. ಆದರೆ 4 ಎನ್ನುವ ಕ್ರಾನ್ ಗಾಳಿಯಲ್ಲಿ 7ರಲ್ಲಿದೆ, 7 ಎನ್ನುವ ಕೆಜಿಓ 12ರಲ್ಲಿದೆ, 11 ಎನ್ನುವ ಕೆಎನ್‌ಟಿವಿ 13ರಲ್ಲಿದೆ. ಈ ಮೂರೂ ವಿಎಚ್‌ಎಫ್. ಇವುಗಳ ಅರ್ಧ ಅಲೆ 70ರಿಂದ 85 ಸೆಂಟಿಮೀಟರ್. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಗೆ ಇದು ದಕ್ಕುವುದಿಲ್ಲ. ಟವರಿನ ಬುಡದಲ್ಲಿ ಮನೆ ಇದ್ದರೆ ಹೇಗೋ ಬಂದೀತು. ಆದರೆ ಇವುಗಳಲ್ಲಿ ಹೆಚ್ಚಿನವು ಪ್ರಸಾರವಾಗುವ ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಟವರ್ ಸನ್ನಿವೇಲ್‌ನಿಂದ ಸುಮಾರು 55 ಕಿಲೋಮೀಟರ್ ದೂರ.

ಊರಿನಲ್ಲಿ ಮಾಳಿಗೆಯ ಮೇಲೆ ನೀವು ಕಟ್ಟಿದ್ದ ಆಂಟೆನಾ ನೆನಪಿರಬೇಕು. ದೂರದರ್ಶನ ಬರುತ್ತಿದ್ದದ್ದು ಬಹುಪಾಲು ಈ ವಿಎಚ್‌ಎಫ್ ಪಟ್ಟಿಯಲ್ಲೇ, ಅದಕ್ಕೇ ಆ ಅಲ್ಯೂಮಿನಿಯಂ ಕಡ್ಡಿಗಳು ಅಷ್ಟುದ್ದ. ಅದೇ ಲೆಕ್ಕ ಇಲ್ಲಿಯೂ. ನಿಮಗೆ ಬೇಕಾದದ್ದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ, ಮಕ್ಕಳು ಹಳೇ ಕಾಲದ್ದೆಂದು ಮೂಗು ಮುರಿಯುವ, ಎಳೆದು ಉದ್ದ ಮಾಡುವ ಎರಡು ಕಡ್ಡಿಗಳೂ ನಡುವೆ ಒಂದು ಬಳೆಯೂ ಇರುವ ಆಂಟೆನಾ. ಬಳೆ ಯುಎಚ್‌ಎಫ್‌ಗೆ, ಕಡ್ಡಿ ವಿಎಚ್‌ಎಫ್‌ಗೆ. ಒಂದೊಂದು ಕಡ್ಡಿಯನ್ನೂ ಸುಮಾರು 35ರಿಂದ 40 ಸೆಂಟಿಮೀಟರ್‌ಗೆ ಎಳೆಯಿರಿ. ಪೂರ್ತಿ ಎಳೆದರೆ ಇನ್ನೂ ಚೆನ್ನ ಎಂದುಕೊಳ್ಳಬೇಡಿ. ಅಲೆಯ ಅಳತೆ ಮೀರಿದ ಉದ್ದದಿಂದ ಲಾಭವಿಲ್ಲ.

ಎಲ್ಲರೂ ಕಡ್ಡಿಗಳನ್ನು ಮೇಲಕ್ಕೆ ಎತ್ತಿ ನಿಲ್ಲಿಸುತ್ತಾರೆ, ಅಥವಾ ಟವರಿನ ಕಡೆ ಬೆರಳು ತೋರಿಸಿದ ಹಾಗೆ ಚಾಚುತ್ತಾರೆ. ಎರಡೂ ತಪ್ಪು. ಇಲ್ಲಿಯ ಟಿವಿ ಅಲೆಗಳು ಹೆಚ್ಚಾಗಿ ಅಡ್ಡಡ್ಡ ಬರುತ್ತವೆ, ಆದ್ದರಿಂದ ಕಡ್ಡಿಗಳನ್ನು ನೆಲಕ್ಕೆ ಸಮನಾಗಿ ಎರಡೂ ಪಕ್ಕಕ್ಕೆ ಮಲಗಿಸಿ. ಕಡ್ಡಿಯ ತುದಿ ಟವರಿನ ಕಡೆ ಇರಕೂಡದು, ಅದರ ಉದ್ದ ಮೈ ಟವರಿಗೆ ಎದುರಾಗಬೇಕು. ತುದಿಯ ದಿಕ್ಕಿನಿಂದ ಅದಕ್ಕೆ ಏನೂ ಕೇಳಿಸುವುದಿಲ್ಲ.

ಟವರ್ ಯಾವ ಕಡೆ? ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲೆ ಕೆಂಪು-ಬಿಳಿ ಬಣ್ಣ ಬಳಿದುಕೊಂಡು, ಮಂಜು ಮುಚ್ಚಿದ ದಿನವೂ ಮೂರು ಕವಲಿನ ತುದಿ ಮಾತ್ರ ಮೇಲೆ ಕಾಣುವಂತೆ ನಿಂತಿರುವುದೇ ಸೂಟ್ರೋ ಟವರ್. 1973ರಿಂದ ಪ್ರಸಾರ ಮಾಡುತ್ತಿದೆ, ಎತ್ತರ 977 ಅಡಿ. ಮಕ್ಕಳು ಗೋಲ್ಡನ್ ಗೇಟ್ ಸೇತುವೆ ತೋರಿಸಲು ಕರೆದುಕೊಂಡು ಹೋದಾಗ ನೀವು ನೋಡೇ ಇರುತ್ತೀರಿ, ಅದೇನೆಂದು ಯಾರೂ ಹೇಳಿರುವುದಿಲ್ಲ. ಮೇಲಿನ ಪಟ್ಟಿಯಲ್ಲಿ 11 ಒಂದು ಬಿಟ್ಟು ಉಳಿದದ್ದೆಲ್ಲ ಅಲ್ಲಿಂದಲೇ. 11 ಬರುವುದು ಅದಕ್ಕಿಂತ ಸ್ವಲ್ಪ ಈಚೆಗಿರುವ ಸ್ಯಾನ್ ಬ್ರೂನೊ ಬೆಟ್ಟದಿಂದ. ಸನ್ನಿವೇಲ್, ಕ್ಯುಪರ್ಟಿನೊ ಕಡೆಯವರಿಗೆ ಎರಡೂ ವಾಯವ್ಯದಲ್ಲಿ. ಫ್ರೀಮಾಂಟ್‌ನವರಿಗೆ ಇನ್ನಷ್ಟು ಪಶ್ಚಿಮಕ್ಕೆ. ವಾಸ್ತು ನೋಡಿ ಮನೆ ಕೊಂಡ ಮಕ್ಕಳಿಗೆ ವಾಯವ್ಯದ ಕಿಟಕಿ ಯಾವುದೆಂದು ಗೊತ್ತಿರುತ್ತದೆ, ಕೇಳಿ. ನಿಖರವಾಗಿ ಬೇಕಿದ್ದರೆ ಎಫ್‌ಸಿಸಿಯವರದೇ ಒಂದು ನಕ್ಷೆ ಇಂಟರ್‌ನೆಟ್ಟಿನಲ್ಲಿದೆ. ಮನೆಯ ವಿಳಾಸ ಹಾಕಿದರೆ ಯಾವ ಸ್ಟೇಷನ್ ಎಷ್ಟು ಬಲವಾಗಿ ಬರಬೇಕು ಎಂದು ಬಣ್ಣದಲ್ಲಿ ತೋರಿಸುತ್ತದೆ. ಸ್ಟೇಷನ್ನಿನ ಹೆಸರು ಒತ್ತಿದರೆ ಗಾಳಿಯಲ್ಲಿ ಅದರ ನಿಜವಾದ ನಂಬರೂ ದಿಕ್ಕೂ ಸಿಗುತ್ತವೆ. ಬೇರೆ ಊರು, ಬೇರೆ ರಾಜ್ಯದಲ್ಲಿರುವವರು ನನ್ನ 4, 7, 11ರ ಲೆಕ್ಕವನ್ನು ಬಿಟ್ಟು ಆ ನಕ್ಷೆ ನೋಡಿ. ನಿಜ ನಂಬರ್ 7ರಿಂದ 13 ಇದ್ದರೆ ಕಡ್ಡಿ ಬೇಕು, 14ರಿಂದ 36 ಇದ್ದರೆ ಹಾಳೆ ಸಾಕು.

ಆಂಟೆನಾ ತಿರುಗಿಸುವ ಕೆಲಸದಲ್ಲಿ ನಿಮ್ಮ ಹಳೆಯ ಅನುಭವ ಒಂದು ಕಡೆ ಮೋಸ ಮಾಡುತ್ತದೆ. ಅನಲಾಗ್ ಕಾಲದಲ್ಲಿ ಮಾಳಿಗೆ ಮೇಲಿದ್ದವನು ಪೈಪು ತಿರುಗಿಸಿದಂತೆಲ್ಲ ಚುಕ್ಕೆ ಕಡಿಮೆಯಾಗುವುದು ಕೆಳಗಿದ್ದವನ ಕಣ್ಣಿಗೆ ಕೂಡಲೇ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ನಡುವಿನ ಸ್ಥಿತಿ ಇಲ್ಲವೆನ್ನುವಷ್ಟು ಕಡಿಮೆ. ಸಿಗ್ನಲ್ಲು ಗದ್ದಲಕ್ಕಿಂತ ಸುಮಾರು 15 ಡೆಸಿಬಲ್ ಮೇಲಿದ್ದರೆ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಅದರಿಂದ ಚೂರು ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇನ್ನು ಚೂರು ಇಳಿದರೆ ಪರದೆ ಖಾಲಿ. ಬದಲಾದದ್ದನ್ನು ಗುರುತಿಸಲು ಟಿವಿಗೆ ಒಂದೆರಡು ಸೆಕೆಂಡ್ ಬೇರೆ ಬೇಕು. ಆತುರದಲ್ಲಿ ತಿರುಗಿಸುತ್ತಾ ಹೋದರೆ ಸರಿಯಾದ ಜಾಗವನ್ನು ದಾಟಿಯೇ ಹೋಗಿರುತ್ತೀರಿ. ಒಂದು ಗೇಣು ಸರಿಸಿ, ಐದು ಎಣಿಸಿ, ನೋಡಿ. ಮೆನುವಿನಲ್ಲಿ ಸಿಗ್ನಲ್ಲಿನ ಮೀಟರ್ ಇದ್ದರೆ ಅದನ್ನು ತೆರೆದಿಟ್ಟುಕೊಂಡು ಇದನ್ನು ಮಾಡಿ. ಒಂದೇ ಕಿಟಕಿಯಲ್ಲಿ ಒಂದಡಿ ಆಚೀಚೆ ಆದರೆ ಚಾನೆಲ್ ಇದ್ದದ್ದು ಇಲ್ಲವಾಗುತ್ತದೆ, ಏಕೆಂದರೆ ನೇರ ಬಂದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಕೆಲವು ಜಾಗಗಳಲ್ಲಿ ಒಂದನ್ನೊಂದು ಕೊಂದುಬಿಡುತ್ತವೆ. ಕೈಯಲ್ಲಿ ಹಿಡಿದಾಗ ಬರುತ್ತದೆ, ಇಟ್ಟು ಸೋಫಾಕ್ಕೆ ಬಂದರೆ ಹೋಗುತ್ತದೆ ಎಂದು ಒಬ್ಬ ತಾಯಿ ನಗುತ್ತಾ ಹೇಳಿದರು. ಅದು ನಿಜ. ನಮ್ಮ ಮೈಯೂ ಅಲೆಯನ್ನು ತಿರುಗಿಸುತ್ತದೆ. ಆದ್ದರಿಂದ ಪ್ರತಿ ಸಲವೂ ದೂರ ಸರಿದು ನಿಂತೇ ತೀರ್ಮಾನಿಸಿ.

ಬಂದು ಹೋಗುವ ಚಾನೆಲ್ಲಿದ್ದರೆ ಪಟ್ಟಿಯ ಪಕ್ಕ ಹೊತ್ತನ್ನೂ ಬರೆಯಿರಿ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ 4, 7, 11 ಕೆಡುತ್ತಿದ್ದರೆ ದೀಪವನ್ನೇ ಅನುಮಾನಿಸಿ. ಅಗ್ಗದ ಎಲ್‌ಇಡಿ ಬಲ್ಬು, ಫೋನಿನ ಚಾರ್ಜರು ವಿಎಚ್‌ಎಫ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಒಂದೊಂದನ್ನೇ ಆರಿಸುತ್ತಾ ಹೋಗಿ, ಕಳ್ಳ ಸಿಗುತ್ತಾನೆ. ಟಿವಿಯ ಬೆನ್ನಿಗೆ ಸಿಕ್ಕಿಸಿದ ಇಂಟರ್‌ನೆಟ್ ಕಡ್ಡಿಯ ಪಕ್ಕದಲ್ಲೇ ಆಂಟೆನಾ ಇಡುವುದೂ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಕಡಲಿನ ತಂಪು ಗಾಳಿಯ ಮೇಲೆ ಬಿಸಿ ಗಾಳಿ ಕೂತ ದಿನಗಳಲ್ಲಿ ಬಲು ದೂರದ ಸ್ಟೇಷನ್ನುಗಳ ಅಲೆ ಹರಿದುಬಂದು ನಮ್ಮದಕ್ಕೆ ಅಡ್ಡವಾಗುವುದುಂಟು. ಅದಕ್ಕೆ ಮದ್ದಿಲ್ಲ, ಹವೆ ತಿರುಗುವ ತನಕ ಸುಮ್ಮನಿರುವುದು.

ಇನ್ನು ಮನೆಯ ಗೋಡೆ. ಇದು ನನ್ನ ಇಷ್ಟದ ಭಾಗ. ಕ್ಯಾಲಿಫೋರ್ನಿಯಾದ ಮನೆಗಳು ಮರದ ಚೌಕಟ್ಟಿನವು, ಗಾರೆ ಮೇಲಿನ ಪದರ ಮಾತ್ರ. ಆ ಗಾರೆ ಹಿಡಿದು ನಿಲ್ಲಲೆಂದು ಒಳಗೆ ಕೋಳಿಗೂಡಿಗೆ ಬಳಸುವಂಥ ತಂತಿಬಲೆ ಹೊದಿಸಿರುತ್ತಾರೆ. ಬಲೆಯ ಕಣ್ಣು ಅಲೆಯ ಉದ್ದಕ್ಕಿಂತ ತೀರಾ ಚಿಕ್ಕದಾದರೆ ಅಲೆಗೆ ಅದು ತೂತಿಲ್ಲದ ತಗಡೇ. ಹಾಗಾಗಿ ಮರದ ಮನೆ ಎಂದು ನಾವು ತಿಳಿದಿರುವುದು ಟಿವಿಯ ಪಾಲಿಗೆ ಕಬ್ಬಿಣದ ಪೆಟ್ಟಿಗೆ. ಇದೇ ಗುಣದಿಂದ ನಮ್ಮ ಜಿಲ್ಲೆಗೆ ಟಿವಿ ಬಂದದ್ದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಭಾರತದ 2,400 ಹಳ್ಳಿಗಳಿಗೆ ನೇರ ಪ್ರಸಾರವಾಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು, ಕಾರ್ಯಕ್ರಮ ಕನ್ನಡದಲ್ಲಿ. ಆ ಹಳ್ಳಿಗಳಲ್ಲಿ ನಿಲ್ಲಿಸಿದ ಹತ್ತು ಅಡಿಯ ಬುಟ್ಟಿ ಆಂಟೆನಾಕ್ಕೆ ಹೊದಿಸಿದ್ದು ಇದೇ ಕೋಳಿಬಲೆ. ಅಗ್ಗ, ಗಾಳಿಗೆ ತಡೆಯಿಲ್ಲ, ಆದರೂ ಅಲೆಯನ್ನು ತಡೆದು ನಡುವಿಗೆ ಕೂಡಿಸುತ್ತಿತ್ತು. ಅಲ್ಲಿ ಹಿಡಿದುಕೊಟ್ಟ ಬಲೆ ಇಲ್ಲಿ ಹೊರಗೇ ನಿಲ್ಲಿಸುತ್ತದೆ.

ಆದ್ದರಿಂದ ಅಲಂಕಾರಕ್ಕೆಂದು ಟಿವಿಯ ಹಿಂದೆ ಗೋಡೆಗೆ ಅಂಟಿಸಿದ ಆಂಟೆನಾ ನಿಷ್ಪ್ರಯೋಜಕ. ಕಿಟಕಿಗೇ ಬರಬೇಕು. ಹೊಸ ಕಿಟಕಿಯ ಗಾಜಿಗೆ ಬಿಸಿಲು ತಡೆಯಲು ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹ ಬಳಿದಿರುತ್ತಾರೆ, ಅದೂ ಅಲೆಯನ್ನು ತಿನ್ನುತ್ತದೆ. ಪರೀಕ್ಷೆ ಸುಲಭ: ಕಿಟಕಿ ತೆರೆದಾಗ ಚಾನೆಲ್ ಬಂದು, ಮುಚ್ಚಿದಾಗ ಹೋದರೆ ಗಾಜಿನದೇ ದೋಷ. ಬೇರೆ ಕಿಟಕಿ ನೋಡಿ.

ಬೂಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲು ತೆಗೆದು ನೋಡಿ. ಅದು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅಷ್ಟೇ ಹೆಚ್ಚಿಸುತ್ತದೆ. ಆಂಟೆನಾಕ್ಕೆ ಸಿಗದಿದ್ದದ್ದನ್ನು ಹುಟ್ಟಿಸಲಾರದು. ಸ್ಯಾನ್ ಫ್ರಾನ್ಸಿಸ್ಕೋ, ಡೇಲಿ ಸಿಟಿಯಲ್ಲಿ ಟವರಿನ ಹತ್ತಿರವೇ ಇರುವವರ ಮನೆಯಲ್ಲಂತೂ ಬೂಸ್ಟರಿನಿಂದ ಟಿವಿಯ ಕಿವಿ ಕಿವುಡಾಗಿ ಇದ್ದ ಚಾನೆಲ್ಲೂ ಹೋಗುತ್ತವೆ. ವೈರು ಬಹಳ ಉದ್ದವಿದ್ದಾಗ, ಒಂದೇ ಆಂಟೆನಾವನ್ನು ಎರಡು ಟಿವಿಗೆ ಹಂಚಿದಾಗ ಮಾತ್ರ ಅದಕ್ಕೆ ಕೆಲಸ; ಹಂಚುವಾಗ ಅರ್ಧಕ್ಕಿಂತ ಹೆಚ್ಚು ಬಲ ಹೋಗುತ್ತದೆ, ಅದನ್ನು ತುಂಬಿಕೊಡುತ್ತದೆ. ಡಬ್ಬಿಯ ಮೇಲೆ 200 ಮೈಲಿ, 300 ಮೈಲಿ ಎಂದು ಅಚ್ಚು ಹಾಕಿದ್ದನ್ನು ನೋಡಿ ಮಕ್ಕಳು ಆರ್ಡರ್ ಮಾಡಲು ಹೊರಟರೆ ತಡೆಯಿರಿ. ಭೂಮಿ ದುಂಡಗಿದೆ, ಅಷ್ಟು ದೂರದ ಟವರ್ ದಿಗಂತದ ಕೆಳಗೆ ಇರುತ್ತದೆ.

ಬೀಗದ ಗುರುತು ಬಂದು ಚಿತ್ರ ಬಾರದ ಚಾನೆಲ್ ಸಿಕ್ಕರೆ ಅದು ಎಟಿಎಸ್‌ಸಿ 3.0 ಎನ್ನುವ ಹೊಸ ಪದ್ಧತಿಯದಿರಬಹುದು. ಅದನ್ನು ಓದುವ ಟ್ಯೂನರ್ ಟಿವಿಯಲ್ಲಿದ್ದರೂ ಕೆಲವಕ್ಕೆ ಗುಪ್ತಲಿಪಿಯ ಬೀಗ ಹಾಕಿರುತ್ತಾರೆ. ನಿಮ್ಮ ಆಂಟೆನಾದ ತಪ್ಪಲ್ಲ, ಬಿಟ್ಟುಬಿಡಿ.

ಡಬ್ಲಿನ್, ಪ್ಲೆಸಂಟನ್, ಸ್ಯಾನ್ ರಾಮೋನ್ ಕಡೆಯವರಿಗೆ ಬೇಸರದ ಸುದ್ದಿ. ನಿಮಗೂ ಟವರಿಗೂ ನಡುವೆ ಸಾಲುಗುಡ್ಡಗಳಿವೆ. ನಕ್ಷೆಯಲ್ಲಿ ನಿಮ್ಮ ವಿಳಾಸಕ್ಕೆ ಎಲ್ಲವೂ ದುರ್ಬಲ ಎಂದೇ ತೋರಿಸಿದರೆ ಮನೆಯೊಳಗಿನ ಆಂಟೆನಾದಲ್ಲಿ ಶ್ರಮ ಹಾಕಬೇಡಿ. ಹೊರಗೆ ಹಾಕಬೇಕು. ಇಲ್ಲಿ ಮಕ್ಕಳು ಹೆದರುತ್ತಾರೆ: ಬಾಡಿಗೆ ಮನೆ, ಓನರ್ ಒಪ್ಪುವುದಿಲ್ಲ, ಸ್ವಂತ ಮನೆ, ಕಾಲೊನಿಯ ಸಂಘದವರು ದಂಡ ಹಾಕುತ್ತಾರೆ. ಅವರಿಗೆ ಹೇಳಿ, 1996ರಿಂದ ಎಫ್‌ಸಿಸಿಯ ಒಂದು ನಿಯಮವಿದೆ. ನಿಮ್ಮ ಸುಪರ್ದಿಗೆ ಮಾತ್ರ ಸೇರಿದ ಬಾಲ್ಕನಿ, ಅಂಗಳದಲ್ಲಿ ಟಿವಿ ಆಂಟೆನಾ ಇಡುವುದನ್ನು ಓನರೂ ಸಂಘವೂ ತಡೆಯುವಂತಿಲ್ಲ. ಸುರಕ್ಷತೆಯ ಕಾರಣವಿದ್ದರೆ, ಇಲ್ಲವೇ ಅದು ಚಾರಿತ್ರಿಕ ಕಟ್ಟಡವಾಗಿದ್ದರೆ ಮಾತ್ರ ವಿನಾಯಿತಿ. ಎಲ್ಲರಿಗೂ ಸೇರಿದ ಸೂರಿನ ಮೇಲೆ ಈ ಹಕ್ಕು ನಡೆಯದು. ಹೊರಗೋಡೆಗೆ ತೂತು ಕೊರೆಯುವುದನ್ನೂ ಬಾಡಿಗೆ ಮನೆಯ ಓನರ್ ಬೇಡ ಎನ್ನಬಹುದು, ಆದ್ದರಿಂದ ಡ್ರಿಲ್ ಮುಟ್ಟಬೇಡಿ. ಭಾರದ ಕಾಲಿರುವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ವೈರು ಒಳಗೆ ತರಲು ಬಾಲ್ಕನಿ ಬಾಗಿಲ ಸಂದಿಯಲ್ಲಿ ಹಾಯುವ ಚಪ್ಪಟೆ ಕೇಬಲ್ ತುಂಡು ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲೂ ಸ್ವಲ್ಪ ಬಲ ಸೋರುತ್ತದೆ, ಆದರೂ ಹೊರಗಿನ ಗಾಳಿಯಲ್ಲಿ ಸಿಕ್ಕ ಲಾಭ ಅದಕ್ಕಿಂತ ಎಷ್ಟೋ ಹೆಚ್ಚು.

ಪಟ್ಟಿ ಬರೆದೂ ಬಗೆಹರಿಯದವರು ಹಾಳೆಯನ್ನು ಮಡಚಿ ಪಾರ್ಕಿಗೆ ತನ್ನಿ. ಸಂಜೆ ಐದರ ಮೇಲೆ ಅಲ್ಲೇ ಇರುತ್ತೇನೆ.

ಇಂತಿ,
ಕಲಬುರಗಿಯ ಹಳೆಯ ಟಿವಿ ರಿಪೇರಿಯವ
ಸನ್ನಿವೇಲ್